ಲಾಟ್ವಿಯಾಕ್ಕೆ ಬರೋರು ಇಲ್ಲಿ ಕೇಳಿ: ರೀಗಾದಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದವಳ ಉತ್ತರ

ರೀಗಾಸೊಸೆ (ಮೇ 12)

ಮೇ ತಿಂಗಳು ಬಂತು ಅಂದರೆ ನನಗೆ ಒಂದೇ ಥರದ ಮೆಸೇಜುಗಳು ಶುರು. "ಅಕ್ಕಾ, ಟಾಲಿನ್, ರೀಗಾ, ವಿಲ್ನಿಯಸ್ ಮೂರನ್ನೂ ಐದು ದಿನದಲ್ಲಿ ಮುಗಿಸ್ತಾ ಇದೀವಿ, ರೀಗಾಕ್ಕೆ ಒಂದು ದಿನ ಸಾಕಾ?" (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ರಾಜಧಾನಿಗಳು ಅವು.) ಸಾಕು. ಹಳೇ ಊರಲ್ಲಿ ಒಂದು ಸುತ್ತು, ಆಲ್ಬರ್ಟಾ ಬೀದಿಯಲ್ಲಿ ಕತ್ತು ನೋಯೋ ತನಕ ಕಟ್ಟಡಗಳನ್ನ ನೋಡೋದು, ಸಂಜೆ ದೌಗವಾ ನದಿ ದಂಡೆ. ಮುಗೀತು. ಆಮೇಲೆ ಊರಿಗೆ ಹೋಗಿ "ಚೆಂದದ ಊರು, ಆದರೆ ಜನ ಮಾತೇ ಆಡಲ್ಲ, ಯಾವಾಗಲೂ ಮುಖ ಗಂಟು" ಅಂತ ಬರೆಯೋದು. ಅದನ್ನ ಓದಿ ಓದಿ ಸಾಕಾಗಿದೆ.

ನಾನು ತೀರ್ಥಹಳ್ಳಿ ಕಡೆಯವಳು. ಗಂಡ ಇಲ್ಲಿಯವನು. ಅತ್ತೆ ಮಾವ ತ್ಸೇಸಿಸ್ ಹತ್ತಿರದ ಹಳ್ಳಿಯಲ್ಲಿದ್ದಾರೆ. ಇಡೀ ದೇಶದ ಜನ 19 ಲಕ್ಷದೊಳಗೆ, ಅದರಲ್ಲಿ 6 ಲಕ್ಷ ರೀಗಾದಲ್ಲೇ. ಉಳಿದದ್ದು ಕಾಡು, ಕೆರೆ, ಜೌಗು, ವಿದ್ಯುತ್ ಕಂಬದ ಮೇಲೆ ಕೊಕ್ಕರೆ ಗೂಡು. ಹಾಗಾಗಿ ಇಲ್ಲಿಯವರಿಗೆ ಒಬ್ಬರಿಂದ ಒಬ್ಬರು ದೂರ ನಿಲ್ಲೋದು ಅಭ್ಯಾಸ ಅಂತ ನನ್ನ ಅಂದಾಜು.

ಮಾತಿನ ವಿಚಾರ ಮೊದಲು ಹೇಳಿಬಿಡ್ತೀನಿ. ನಮ್ಮ ಮಹಡಿಯ ಎದುರು ಮನೆ ಅಜ್ಜಿ ಮೊದಲ ಮೂರು ವರ್ಷ ನನ್ನ ಜೊತೆ "ಲಾಬ್ದಿಯೆನ್" (ನಮಸ್ಕಾರ) ಬಿಟ್ಟು ಒಂದಕ್ಷರ ಆಡಿರಲಿಲ್ಲ. ಮೆಟ್ಟಿಲಲ್ಲಿ ನಮ್ಮ ಸಪ್ಪಳ ಕೇಳಿದರೆ ಬಾಗಿಲ ಹಿಂದೆ ನಿಂತಿದ್ದು, ನಾವು ದಾಟಿದ ಮೇಲೆ ಹೊರಗೆ ಬರೋರು. ನನಗೆ ಅವಮಾನ. ಬಣ್ಣ ನೋಡಿ ಹೀಗೆ ಮಾಡ್ತಾರಾ ಅಂತ ಗಂಡನನ್ನ ಕೇಳಿದೆ. "ಯಾಕೆ, ನಾನೂ ಹಾಗೇ ಮಾಡ್ತೀನಲ್ಲ" ಅಂದ. ನಿಜ, ಮಾಡ್ತಾನೆ. ಬಾಗಿಲ ಹಿಂದೆ ಚಪ್ಪಲಿ ಹಾಕಿಕೊಂಡು ಕಿವಿಗೊಟ್ಟು ನಿಂತಿರ್ತಾನೆ, ಪಕ್ಕದವರು ಇಳಿದು ಹೋಗಲಿ ಅಂತ.

ಮಗಳು ಹುಟ್ಟಿ ಆಸ್ಪತ್ರೆಯಿಂದ ಬಂದ ಮಾರನೇ ದಿನ ನಮ್ಮ ಬಾಗಿಲ ಹಿಡಿಗೆ ಒಂದು ಬಟ್ಟೆ ಚೀಲ ನೇತಾಡ್ತಾ ಇತ್ತು. ಒಳಗೆ ನನ್ನ ಹೆಬ್ಬೆರಳಿನಷ್ಟು ಉದ್ದದ ಒಂದು ಜೊತೆ ಉಣ್ಣೆ ಕೈಗವಸು, ಒಂದು ಬಾಟಲಿ ಅಣಬೆ ಉಪ್ಪಿನಕಾಯಿ. ಚೀಟಿ ಇಲ್ಲ. ಬೆಲ್ಲೂ ಒತ್ತಿಲ್ಲ, ಮಗು ಎದ್ದೀತು ಅಂತ. ಬಾಟಲಿ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಕಲಿಸಿದ್ದು ನೆನಪಾಯ್ತು. ಕೊಬ್ಬರಿ ಮಿಠಾಯಿ ತುಂಬಿ ಅಜ್ಜಿ ಬಾಗಿಲಿಗೆ ನೇತುಹಾಕಿ ಬಂದೆ. ನಾನೂ ಬೆಲ್ ಒತ್ತಲಿಲ್ಲ.

ಕೇಳಿ, ಗೊತ್ತಿದ್ದದ್ದು ಹೇಳ್ತೀನಿ. ವೀಸಾ ವಿಚಾರ ಮಾತ್ರ ಬೇಡ.

ಮೈಸೂರುಮೇಷ್ಟ್ರು (ಮೇ 12)

ನಮಸ್ಕಾರ ತಾಯಿ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಮಗ ವಾರ್ಸಾದಲ್ಲಿದ್ದಾನೆ. ನಾನೂ ನನ್ನಾಕೆಯೂ ಜೂನ್ 21ರಿಂದ 26ರವರೆಗೆ ರೀಗಾದಲ್ಲಿರುತ್ತೇವೆ. ಇಳಿದುಕೊಳ್ಳುವ ಜಾಗದವರು 23, 24 ಎರಡೂ ದಿನ ಊರೆಲ್ಲ ಮುಚ್ಚಿರುತ್ತದೆ, ದಿನಾಂಕ ಬದಲಿಸಿಕೊಳ್ಳಿ ಎಂದಿದ್ದಾರೆ. ಬದಲಿಸಬೇಕೇ? ಇನ್ನೊಂದು, ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಲಕ್ಕಿ ಎಷ್ಟು ಕೆಜಿ ಕಟ್ಟಿಕೊಳ್ಳಬೇಕು ಎಂದು ನನ್ನಾಕೆ ಕೇಳುತ್ತಿದ್ದಾಳೆ.

ರೀಗಾಸೊಸೆ (ಮೇ 13)

ದಯವಿಟ್ಟು ಬದಲಿಸಬೇಡಿ ಸರ್! ಜನ ಕಾದು ಕೂತು ಬರೋ ದಿನಗಳು ಅವು. 23 ಲೀಗೊ, 24 ಯಾನ್ಯಿ, ಇಲ್ಲಿಯ ನಡುಬೇಸಿಗೆಯ ಹಬ್ಬ, ಎರಡೂ ಸರ್ಕಾರಿ ರಜೆ. ರೀಗಾ ಖಾಲಿಯಾಗೋದು ನಿಜ, ಯಾಕಂದ್ರೆ ಎಲ್ಲರೂ ಹಳ್ಳಿಯಲ್ಲಿರ್ತಾರೆ. 22ರಂದು ಡೋಮ್ ಚರ್ಚ್ ಮುಂದಿನ ಚೌಕದಲ್ಲಿ ಸೊಪ್ಪು, ಹೂ, ಚೀಸ್‌ಗಳ ಸಂತೆ ಇರುತ್ತೆ, ತಪ್ಪಿಸಬೇಡಿ. ಹಬ್ಬದ ರಾತ್ರಿ ಊರಲ್ಲೇ ಉಳಿದವರಿಗಾಗಿ ನದಿ ದಂಡೆಯಲ್ಲೂ ಹಾಡು, ಬೆಂಕಿ ಎಲ್ಲ ಇರುತ್ತೆ.

ನಮ್ಮ ಅತ್ತೆ ಮನೇಲಿ ಹೇಗೆ ಅಂತ ಹೇಳ್ತೀನಿ. ಹಬ್ಬಕ್ಕೆ ಒಂದು ವಾರ ಮೊದಲೇ ಅವರು ತೋಟದ ಕಳೆ ಕೀಳೋಕೆ ಶುರು ಮಾಡ್ತಾರೆ. ಯಾಕೆ? ರಾತ್ರಿ ನೆರೆಯವರು ಹಾಡ್ತಾ ಬಂದಾಗ ಪಾತಿಯಲ್ಲಿ ಕಳೆ ಕಂಡರೆ, ಅದನ್ನೇ ಹಾಡಿಗೆ ಹಾಕಿ ಮನೆಯೊಡತಿಯನ್ನ ಛೇಡಿಸ್ತಾರೆ. ಆಕೆಯೂ ಬಿಡಲ್ಲ, ನಿಮಗೆ ಸ್ವರವೇ ಇಲ್ಲ, ಬಿಯರ್ ಮುಗಿಸೋಕೆ ಬಂದಿದ್ದೀರಿ ಅಂತ ಹಾಡಲ್ಲೇ ವಾಪಸ್ ಕೊಡ್ತಾರೆ. ನಮ್ಮ ಕಡೆ ಮದುವೇಲಿ ಬೀಗರನ್ನ ಹಾಡಲ್ಲಿ ಹೀಯಾಳಿಸೋದಿದೆಯಲ್ಲ, ಅದೇ. ಪ್ರತಿ ಸಾಲಿನ ಕೊನೆಗೂ "ಲೀಗೊ, ಲೀಗೊ" ಅಂತ ಎಲ್ಲರೂ ಎಳೀತಾರೆ, ನಮ್ಮ "ಸುವ್ವಿ" ಥರ. ವರ್ಷವಿಡೀ ನಾಲ್ಕು ಮಾತಾಡದ ನಮ್ಮ ಮಾವ ಆ ರಾತ್ರಿ ಮಾತ್ರ ಐದು ಗಂಟೆ ಹೊತ್ತು ಬಾಯಿ ಮುಚ್ಚಲ್ಲ.

ಹೆಂಗಸರಿಗೆ ಹೊಲದ ಹೂವಿನ ಕಿರೀಟ, ಗಂಡಸರಿಗೆ ಓಕ್ ಎಲೆಯದ್ದು. ಬಾಗಿಲಿಗೆ ಬರ್ಚ್ ಕೊಂಬೆ. ಸೂರ್ಯ ಮುಳುಗೋದು ರಾತ್ರಿ ಹತ್ತೂಕಾಲು ದಾಟಿ, ಹುಟ್ಟೋದು ಬೆಳಗ್ಗೆ ನಾಲ್ಕೂವರೆಗೆ. ನಡುವೆ ಪೂರ್ತಿ ಕತ್ತಲೆ ಅನ್ನೋದೇ ಆಗಲ್ಲ. ಅಷ್ಟು ಹೊತ್ತೂ ಬೆಂಕಿ ಆರಬಾರದು, ಯಾರೂ ಮಲಗಬಾರದು. ಮಲಗಿದವರು ಬೇಸಿಗೆಯೆಲ್ಲ ತೂಕಡಿಸ್ತಾರೆ ಅಂತ ಮಾತು. ಮದುವೆ ಆಗದ ಜೋಡಿಗಳು ಜರೀಗಿಡದ ಹೂ ಹುಡುಕೋಕೆ ಅಂತ ಕಾಡಿಗೆ ಹೋಗ್ತಾರೆ. ಜರೀಗಿಡ ಹೂ ಬಿಡೋದೇ ಇಲ್ಲ, ಎಲ್ಲರಿಗೂ ಗೊತ್ತು. ಸಿಕ್ತಾ ಅಂತ ಯಾರೂ ಕೇಳಲ್ಲ.

ಊಟ: ಅವಲಕ್ಕಿ ಒಂದು ಕೆಜಿ ಸಾಕು. ಆದರೆ ಹುಷಾರಾಗಿರಬೇಕು ಸರ್. ಇಲ್ಲಿಯ ಹೆಸರಾಂತ ಬೂದುಬಣ್ಣದ ಬಟಾಣಿ ಪಲ್ಯ ನೋಡೋಕೆ ನಮ್ಮ ಕಡಲೆ ಉಸಲಿ ಥರವೇ, ಆದರೆ ಅದರ ತುಂಬ ಹೊಗೆಯಾಡಿಸಿದ ಹಂದಿ ಕೊಬ್ಬು. "ಪೀರಾಗಿ" ಅಂತ ಸಣ್ಣ ಬನ್ನು ಬರುತ್ತೆ, ಒಳಗೂ ಅದೇ. ಹಬ್ಬದ ಚೀಸ್ ಹಾಲು, ಬೆಣ್ಣೆ, ಜೀರಿಗೆಯಂಥ ಕಾಳು ಹಾಕಿ ಮಾಡಿದ್ದು, ಆದರೆ ಮೊಟ್ಟೆ ಹಾಕ್ತಾರೆ. ಹೇಳಬೇಕಾದ ಮಂತ್ರ: "ಬೆಝ್ ಗಾಲ್ಯಾಸ್, ಬೆಝ್ ಝಿವೀಮ್, ಬೆಝ್ ವೊಲಾಮ್." ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಬರೆದುಕೊಂಡು ಜೇಬಲ್ಲಿಟ್ಟುಕೊಳ್ಳಿ.

ತಿನ್ನೋಕೆ ಕಡಿಮೆಯೇನಿಲ್ಲ. ಕಪ್ಪು ರೈ ಬ್ರೆಡ್ಡಿಗೆ ಹೆಂಪ್ (ಭಂಗಿ ಗಿಡದ ಜಾತಿ) ಬೀಜ ಅರೆದ ಬೆಣ್ಣೆ ಹಚ್ಚಿ ತಿನ್ನಿ. ಕೆಫೀರ್ ಅಂದರೆ ಗಟ್ಟಿ ಮಜ್ಜಿಗೆ. ಬೇಸಿಗೆಯಲ್ಲಿ ಕೆಫೀರಿಗೆ ಬೀಟ್‌ರೂಟ್, ಸೌತೆಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ ತಣ್ಣಗೆ ಗುಲಾಬಿ ಬಣ್ಣದ ಸೂಪು ಕೊಡ್ತಾರೆ. ಮೊಟ್ಟೆ ಬೇಡ ಅಂದರೆ ಅದು ಪಕ್ಕಾ ನಮ್ಮ ಬೀಟ್‌ರೂಟ್ ಮೊಸರುಬಜ್ಜಿ, ಒಗ್ಗರಣೆ ಒಂದಿಲ್ಲ ಅಷ್ಟೆ.

ಧಾರವಾಡದಾಂವ (ಮೇ 13)

ಅಕ್ಕಾರು ಸಬ್ಬಸಗಿ ಸುದ್ದಿ ಒಂದ ಸಾಲಿನ್ಯಾಗ ಮುಗಿಸ್ಯಾರ. ನಾ ಹೇಳ್ತೇನಿ ಕೇಳ್ರಿ. ನಾ ಇಲ್ಲಿ ಎಂ.ಟೆಕ್ ಓದಾಕ ಬಂದು ಎರಡ ವರ್ಷ ಆತು. ಮನ್ಯಾಗ ಅವ್ವ ಸಬ್ಬಸಗಿ ಪಲ್ಲೆ ಮಾಡಿದ್ರ ತಾಟ ಬಿಟ್ಟ ಎದ್ದ ಹೋಗ್ತಿದ್ದೆ. ದೇವರು ನನ್ನ ಎಲ್ಲಿ ತಂದ ಹಾಕ್ಯಾನ ನೋಡ್ರಿ! ಬಟಾಟಿ ಮ್ಯಾಲೆ ಸಬ್ಬಸಗಿ, ಸೂಪಿನ್ಯಾಗ ಸಬ್ಬಸಗಿ, ಸೌತಿಕಾಯಿ ಉಪ್ಪಿನಕಾಯಿನ್ಯಾಗ ಸಬ್ಬಸಗಿ, ಚಿಪ್ಸ್ ಪಾಕೀಟ್ ಒಡದ್ರೂ ಅದ ವಾಸನಿ. ಈಗ ರೂಢಿ ಆಗೇತಿ. ಅವ್ವಗ ಮಾತ್ರ ಹೇಳಿಲ್ಲ.

ಸೆಂಟ್ರಲ್ ಮಾರ್ಕೆಟ್ ನೋಡ್ರಿ ಸರ್. ಐದ ದೊಡ್ಡ ಕಮಾನಿನ ಕಟ್ಟಡ. ಮೊದಲನೇ ಮಹಾಯುದ್ಧದಾಗ ಜರ್ಮನಿಯವ್ರು ಜೆಪೆಲಿನ್ ವಾಯುನೌಕೆ ನಿಲ್ಲಸಾಕ ಕಟ್ಟಿದ್ದ ಶೆಡ್ಡಿನ ಕಬ್ಬಿಣದ ಚೌಕಟ್ಟು ಬಿಚ್ಚಿ ತಂದು 1930ರಾಗ ಸಂತಿ ಮಾಡ್ಯಾರ. ಹುಳಿ ಕೋಸು ಮಾರೋ ಅಮ್ಮಂದಿರು ಒಂದ ಚಮಚ ರುಚಿ ನೋಡಾಕ ಕೊಡ್ತಾರ, ತೊಗೊಳ್ರಿ.

ಬಸ್ಸು ಟ್ರಾಮ್‌ಗೆ ಟಿಕೆಟ್ ಮೊದಲ ತೊಗೊಂಡು ಹತ್ತಿದ ಕೂಡಲೆ ಮಷಿನ್ನಿಗೆ ತೋರಸಬೇಕು. ನಾ ಮೊದಲನೇ ವಾರ ಟಿಕೆಟ್ ಕಿಸೆದಾಗ ಇಟಗೊಂಡು ಆರಾಮ ಕುಂತಿದ್ದೆ. ತಪಾಸಣಿಯವ್ರು ಬಂದ್ರು, ದಂಡ ಬಿತ್ತು. ತಪ್ಪು ನಂದ.

ಇನ್ನ ಚಳಿಗಾಲಕ್ಕ ಬರೋರಿಗೆ: ಡಿಸೆಂಬರ್‌ನ್ಯಾಗ ಬೆಳಕ ಇರೋದು ಏಳ ತಾಸಿನೊಳಗ. ಮಧ್ಯಾಹ್ನ ಮೂರೂ ಮುಕ್ಕಾಲಕ್ಕ ಹೊತ್ತ ಮುಣಗತೈತಿ. ಹಳ್ಳಿ ರೋಡಿನ್ಯಾಗ ಕತ್ತಲದಾಗ ಅಡ್ಡಾಡೋರು ಬೆಳಕಿಗೆ ಹೊಳಿಯೋ ಪಟ್ಟಿ ಹಾಕ್ಕೋಬೇಕು, ಅದು ಕಾನೂನ ಐತಿ. ಬರ್ಫ ಕರಗೋ ಹೊತ್ತಿನ್ಯಾಗ ಫುಟ್‌ಪಾತ್‌ಗೆ ಅಲ್ಲಲ್ಲೆ ಪಟ್ಟಿ ಕಟ್ಟಿರ್ತಾರ. ರಿಪೇರಿ ಅನ್ಕೊಂಡು ದಾಟಬ್ಯಾಡ್ರಿ. ಛಾವಣಿಯಿಂದ ಕೊಡಲಿಯಂಥ ಹಿಮದ ತುಂಡ ಬೀಳ್ತಾವು.

ಈಸ್ಟರ್‌ಗೆ ಇವ್ರು ಜೋಕಾಲಿ ಕಟ್ಟತಾರ, ಗೊತ್ತೇನು? ದೊಡ್ಡ ಕಟಗಿ ಜೋಕಾಲಿ, ಇಬ್ರು ನಿಂತ ಜೀಕೋದು. ಎಷ್ಟ ಎತ್ತರ ಜೀಕ್ತೀರಿ ಅಷ್ಟ ಸೊಳ್ಳಿ ಕಡಿಯೂದಿಲ್ಲಂತ ಆ ಬ್ಯಾಸಗ್ಯಾಗ. ನಮ್ಮ ಪಂಚಮಿ ನೆನಪಾಗಿ ಕಣ್ಣಾಗ ನೀರ ಬಂದ್ವು. ಉಂಡಿ ಇರಲಿಲ್ಲ, ಉಳ್ಳಾಗಡ್ಡಿ ಸಿಪ್ಪಿನ್ಯಾಗ ಕುದಿಸಿದ ಕಂದು ತತ್ತಿ ಇದ್ವು.

ಬಸವನಗುಡಿಬಾಲ್ಕನಿ (ಮೇ 14)

ಲಾಟ್ವಿಯನ್ ಭಾಷೆ ಸಂಸ್ಕೃತದಿಂದಲೇ ಹುಟ್ಟಿದ್ದು ಅಂತ ವಾಟ್ಸಾಪ್‌ನಲ್ಲಿ ಓದಿದ್ದೆ. ಹಳ್ಳಿಯಲ್ಲಿ ಸಂಸ್ಕೃತ ಮಾತಾಡಿದ್ರೆ ಅರ್ಥ ಆಗುತ್ತಂತೆ. ನಿಜಾನಾ?

ರೀಗಾಸೊಸೆ (ಮೇ 14)

ನಮ್ಮತ್ತೆಗೆ "ಭವತಿ ಭಿಕ್ಷಾಂ ದೇಹಿ" ಅಂದು ನೋಡ್ಲಾ? 😀 ಹುಟ್ಟಿದ್ದು ಅಲ್ಲ, ದೂರದ ನೆಂಟಸ್ತನ. ಎರಡೂ ಇಂಡೋ-ಯುರೋಪಿಯನ್ ಕುಟುಂಬ. ಲಾಟ್ವಿಯನ್‌ಗೆ ಇವತ್ತು ಬದುಕಿರೋ ಹತ್ತಿರದ ನೆಂಟ ಅಂದರೆ ಲಿಥುವೇನಿಯನ್ ಒಂದೇ. ದೇವರಿಗೆ "ದಿಯೆವ್ಸ್", ಬೆಂಕಿಗೆ "ಉಗುನ್ಸ್", ಕಣ್ಣೀರಿಗೆ "ಅಸರ", ಎರಡಕ್ಕೆ "ದಿವಿ", ಹತ್ತಕ್ಕೆ "ದೆಸ್ಮಿತ್". ದೇವ, ಅಗ್ನಿ, ಅಶ್ರು, ದ್ವಿ, ದಶ ನೆನಪಾಗುತ್ತೆ, ಸರಿ. ಅಷ್ಟರಲ್ಲಿ ಸಂತೆ ವ್ಯಾಪಾರ ಆಗಲ್ಲ.

ನನಗೆ ಅದಕ್ಕಿಂತ ಮಜಾ ಅನಿಸಿದ್ದು ಬೇರೆ. ನಾವು ಇಂಗ್ಲಿಷ್ ಪದಕ್ಕೆ ಒಂದು "ಉ" ಅಂಟಿಸಿ ಬಸ್ಸು, ಕಾರು, ಲೈಟು ಮಾಡ್ಕೊಳ್ಳಲ್ವಾ? ಇವರು ಗಂಡು ಪದಕ್ಕೆಲ್ಲ ಒಂದು "ಸ್" ಅಂಟಿಸ್ತಾರೆ. ಔತೊಬುಸ್ಸ್, ಬಾಂಕೊಮಾತ್ಸ್. ಮನುಷ್ಯರನ್ನೂ ಬಿಡಲ್ಲ. ನನ್ನ ತಮ್ಮ ರಮೇಶ ಬಂದಾಗ ಅತ್ತೆಯ ಬಾಯಲ್ಲಿ "ರಮೇಶ್ಸ್" ಆದ. ವಾಕ್ಯದಲ್ಲಿ ವಿಭಕ್ತಿ ಬದಲಾದ ಹಾಗೆ ಅವನ ಬಾಲವೂ ಬದಲಾಗುತ್ತೆ. ನಾವು ರಮೇಶನಿಗೆ, ರಮೇಶನನ್ನು ಅಂತೀವಲ್ಲ, ಹಾಗೇ. ಅದಕ್ಕೇ ಕನ್ನಡದವರಿಗೆ ಇದು ಇಂಗ್ಲಿಷರಿಗಿಂತ ಬೇಗ ಬರುತ್ತೆ ಅಂತ ನನ್ನ ವಾದ. "ಪಲ್ದಿಯೆಸ್" (ಧನ್ಯವಾದ) ಒಂದನ್ನಂತೂ ಕಲಿತು ಬನ್ನಿ. "ದೇವರು ನೆರವಾಗಲಿ" ಅನ್ನೋದು ಸವೆದು ಸವೆದು ಆದ ಪದ ಅದು.

ಮೇಷ್ಟ್ರೇ, ನಿಮಗೊಂದು. ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಮರದ ಬೀರು ಇದೆ. ಕ್ರಿಶ್ಯಾನಿಸ್ ಬರೋನ್ಸ್ ಅನ್ನೋರು 19ನೇ ಶತಮಾನದಲ್ಲಿ ಮಾಡಿಸಿದ್ದು. ಬೆರಳಗಲದ ಚೀಟಿಗಳಲ್ಲಿ ಜನಪದ ಹಾಡು ಬರೆದು ಜೋಡಿಸಿದ ಎಪ್ಪತ್ತು ಡ್ರಾಯರು. ಅವರು ಅಚ್ಚು ಮಾಡಿಸಿದ ಹಾಡುಗಳೇ 2 ಲಕ್ಷ ದಾಟ್ತವೆ. ಹೆಚ್ಚಿನವು ನಾಲ್ಕೇ ಸಾಲು. ನಮ್ಮ ತ್ರಿಪದಿಗೆ ಒಂದು ಸಾಲು ಜಾಸ್ತಿ, ಅಷ್ಟೇ. ಬೀಸೋ ಕಲ್ಲು, ತವರು, ಅನಾಥ ಹುಡುಗಿ, ಅತ್ತೆ ಕಾಟ ಎಲ್ಲ ಇದೆ. (ನಮ್ಮತ್ತೆ ಒಳ್ಳೆಯವರು, ದಾಖಲೆಗಿರಲಿ.)

1873ರಲ್ಲಿ ಶುರುವಾದ ಹಾಡಿನ ಹಬ್ಬ ಐದು ವರ್ಷಕ್ಕೊಮ್ಮೆ ನಡೆಯುತ್ತೆ, ಮುಂದಿನದ್ದು 2028. ಮೆಝಾಪಾರ್ಕ್ಸ್ ಕಾಡಿನ ವೇದಿಕೆ ಮೇಲೆ ಹತ್ತು ಸಾವಿರಕ್ಕೂ ಮೇಲೆ ಗಂಟಲು ಒಟ್ಟಿಗೆ ಏಳುತ್ತೆ. ಮೆಟ್ಟಿಲಲ್ಲಿ ಎದುರಾದರೆ ಅಡಗಿಕೊಳ್ಳೋ ಅದೇ ಜನ.

ಸುಳ್ಯಕಾಡು (ಮೇ 16)

ನಂಗೆ ಮಾಸ್ಕೋದಲ್ಲಿದ್ದು ರಷ್ಯನ್ ಬರ್ತದೆ. ರೀಗಾದಲ್ಲಿ ಅದ್ರಲ್ಲೇ ಸುಧಾರಿಸ್ಬಹುದಾ ಮಾರಾಯ್ರೆ?

ಧಾರವಾಡದಾಂವ (ಮೇ 16)

ಸಂತ್ಯಾಗ ನಡೀತೈತಿ. ನಾ ಅಲ್ಲೆ ಹತ್ತ ರಷ್ಯನ್ ಮಾತಿನ್ಯಾಗ ಕಾಲ ಕಳೀತೇನಿ. ಯಾರೂ ಬೈದಿಲ್ಲ.

ರೀಗಾಸೊಸೆ (ಮೇ 16)

ಬೈಯಲ್ಲ. ಆದರೆ ಶುರುವಲ್ಲೇ ರಷ್ಯನ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಇಲ್ಲಿ ಸುಮಾರು ಮೂರನೇ ಒಂದು ಭಾಗ ಜನರ ಮನೆಮಾತು ರಷ್ಯನ್, ಅವರೂ ಇಲ್ಲಿಯವರೇ. ಆದರೂ "ಲಾಬ್ದಿಯೆನ್" ಅಂದು, ಇಂಗ್ಲಿಷ್ ಆಗದಿದ್ದರೆ ಕೇಳಿಕೊಂಡು ರಷ್ಯನ್‌ಗೆ ಹೋಗಿ.

ಕಾರಣ ಹೇಳ್ತೀನಿ. ನಮ್ಮತ್ತೆಯ ತಾಯಿಯನ್ನ 1949ರ ಮಾರ್ಚ್ 25ರ ಬೆಳಗಿನ ಜಾವ ಸೋವಿಯತ್ ಸರ್ಕಾರದವರು ಗೂಡ್ಸ್ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ್ದು. ಆ ಕೆಲವೇ ದಿನಗಳಲ್ಲಿ ಹಾಗೆ ಹೋದವರು 42 ಸಾವಿರಕ್ಕೂ ಹೆಚ್ಚು. 1941ರ ಜೂನ್ 14ರಂದು ಅದಕ್ಕೆ ಮೊದಲೇ 15 ಸಾವಿರ ಜನ ಹೋಗಿದ್ರು. ಅಜ್ಜಿ ವಾಪಸ್ ಬಂದರು, ಅವರ ಅಣ್ಣ ಬರಲಿಲ್ಲ. ಆ ದಿನಗಳಲ್ಲಿ ಮನೆ ಮನೆಯ ಬಾವುಟಕ್ಕೆ ಕಪ್ಪು ಪಟ್ಟಿ ಕಟ್ಟಿರ್ತಾರೆ. ಪ್ರವಾಸಿಗರು ಅದನ್ನ ಹಬ್ಬ ಅಂದುಕೊಂಡು ಸೆಲ್ಫಿ ತೆಗೆಯೋದನ್ನ ಕಂಡಿದ್ದೀನಿ. "ನೀವು ಹಿಂದೆ ರಷ್ಯಾದಲ್ಲಿದ್ರಿ ಅಲ್ವಾ" ಅಂತ ಮಾತ್ರ ಯಾರನ್ನೂ ಕೇಳಬೇಡಿ. ದೇಶ ಹುಟ್ಟಿದ್ದು 1918ರ ನವೆಂಬರ್ 18ಕ್ಕೆ. ನಡುವೆ ಐವತ್ತು ವರ್ಷ ಕಿತ್ತುಕೊಂಡಿದ್ರು ಅಂತಾರೆ ಇವರು, ಸೇರಿದ್ವಿ ಅನ್ನಲ್ಲ. 1989ರ ಆಗಸ್ಟ್ 23ರಂದು ಟಾಲಿನ್‌ನಿಂದ ವಿಲ್ನಿಯಸ್ ತನಕ ಸ್ವಾತಂತ್ರ್ಯ ಬೇಕು ಅಂತ ಜನ ಕೈ ಕೈ ಹಿಡಿದು ನಿಂತರಲ್ಲ, ಆ ಸಾಲಿನಲ್ಲಿ ನಮ್ಮತ್ತೆಯೂ ಇದ್ರು, ಹೊಟ್ಟೆಯಲ್ಲಿ ನನ್ನ ಗಂಡ.

ಧಾರವಾಡದಾಂವ (ಮೇ 16)

ಅಕ್ಕಾ, ಸಂತಿ ಅಜ್ಜಿಗೆ ಲಾಟ್ವಿಯನ್‌ನ್ಯಾಗ ಮಾತಾಡಿದ್ರ ಆಕಿನ ರಷ್ಯನ್‌ನ್ಯಾಗ ಉತ್ತರಾ ಕೊಡ್ತಾಳ. ಏನ ಮಾಡ್ಲಿ? ಆದ್ರ ನೀವ ಹೇಳಿದ್ದೂ ಖರೆ.

ಅಡ್ಮಿನ್ (ಮೇ 16)

ರಾಜಕೀಯ ಇಲ್ಲಿಗೆ ಸಾಕು. ಪ್ರವಾಸಕ್ಕೆ ಬನ್ನಿ.

ಮೈಸೂರುಮೇಷ್ಟ್ರು (ಮೇ 20)

ಲೀಗೊ ರಾತ್ರಿ ನಿಮ್ಮ ಅತ್ತೆಯವರ ಮನೆಗೆ ನಮ್ಮನ್ನು ಊಟಕ್ಕೆ ಕರೆದು ಮೆಸೇಜು ಕಳಿಸಿದ್ದೀರಿ, ಸಂತೋಷ ತಾಯಿ. ನಿಮ್ಮ ಅತ್ತೆಯವರಿಗೆ ಏನು ತರುವುದು? ಇನ್ನೊಂದು, ನನ್ನಾಕೆಯ ಕೊರಳಲ್ಲಿ ಸ್ವಸ್ತಿಕದ ಪದಕ ಇದೆ. ತೊಂದರೆಯೇ?

ರೀಗಾಸೊಸೆ (ಮೇ 20)

ಹೂ ತನ್ನಿ. ಎಣಿಸಿ ತನ್ನಿ! ಮೂರು, ಐದು, ಏಳು. ಸಮಸಂಖ್ಯೆ ಹೂ ಸಾವಿನ ಮನೆಗೆ. ಮದುವೆಯಾದ ವರ್ಷ ನಾನು ಅತ್ತೆಯ ಹುಟ್ಟುಹಬ್ಬಕ್ಕೆ ಒಂದು ಡಜನ್ ಗುಲಾಬಿ ಒಯ್ದಿದ್ದೆ, ಡಜನ್ ಅಂದರೆ ಮಂಗಳಕರ ಅಂತ. ಅವರು ನಕ್ಕು ತಗೊಂಡು, ಒಳಗೆ ಹೋಗಿ ಒಂದನ್ನ ತೆಗೆದು ಬೇರೆ ಲೋಟದಲ್ಲಿಟ್ಟರು. ವರ್ಷಗಳಾದ ಮೇಲೆ ಯಾಕೆ ಅಂತ ಗೊತ್ತಾಯ್ತು. ಚಪ್ಪಲಿ ಹೊರಗೆ ಬಿಡೋದು ನಮ್ಮ ಹಾಗೇ.

ಪದಕ ಸೀರೆಯೊಳಗೆ ಇರಲಿ ಅಮ್ಮಾ. ತಮಾಷೆ ಅಂದರೆ ಅದೇ ಚಿಹ್ನೆ ಇವರ ಹಳೇ ಕೈಗವಸು, ನಡುಪಟ್ಟಿಗಳ ನೇಯ್ಗೆಯಲ್ಲೂ ಇದೆ. "ಉಗುನ್ಸ್‌ಕ್ರುಸ್ತ್ಸ್", ಬೆಂಕಿ ಶಿಲುಬೆ ಅಂತಾರೆ. ಮ್ಯೂಸಿಯಮ್ಮಲ್ಲಿ ನೋಡಬಹುದು. ಆದರೆ 1941ರ ಚಳಿಗಾಲದಲ್ಲಿ ರೀಗಾ ಪಕ್ಕದ ರುಂಬುಲಾ ಕಾಡಲ್ಲಿ ಸ್ವಸ್ತಿಕದ ಬಾವುಟದ ನಾಜಿಗಳು ಎರಡು ದಿನದಲ್ಲಿ ಸುಮಾರು 25 ಸಾವಿರ ಯಹೂದಿಗಳನ್ನ ಕೊಂದರು, ಅವರಿಗೆ ಸೇರಿದವರು ಈಗಲೂ ಇದ್ದಾರೆ. ಬೀದಿಯಲ್ಲಿ ಯಾರಿಗೆ ಅಂತ ವಿವರಿಸ್ತೀರಿ?

ಇನ್ನೊಂದು ವಿಷಯ. 24ರಂದು ಯಾನಿಸ್ ಅನ್ನೋ ಹೆಸರಿನವರ ಹೆಸರುದಿನ, ನಮ್ಮ ಮಾವನೂ ಯಾನಿಸ್. ಇಲ್ಲಿ ಕ್ಯಾಲೆಂಡರಿನ ಪ್ರತಿ ದಿನಕ್ಕೂ ಹೆಸರುಗಳಿರ್ತವೆ. ಹುಟ್ಟುಹಬ್ಬಕ್ಕೆ ಕರೆದರೆ ಹೋಗಬೇಕು, ಹೆಸರುದಿನಕ್ಕೆ ಕರೆಯದೆ ಬರಬಹುದು. ಕ್ಯಾಲೆಂಡರಲ್ಲಿ ಇಲ್ಲದ ಹೆಸರಿನವರಿಗೆಲ್ಲ ಒಟ್ಟಿಗೆ ಮೇ 22. ಅಂದರೆ ನಾಡಿದ್ದು ನನ್ನದು, ಧಾರವಾಡದ ತಮ್ಮಂದು, ನಿಮ್ಮಿಬ್ಬರದೂ.

ಸುಳ್ಯಕಾಡು (ಮೇ 21)

ಅಣಬೆ ಎಲ್ಲಿ ಸಿಕ್ತದೆ, ಜಾಗ ಹೇಳಿ.

ರೀಗಾಸೊಸೆ (ಮೇ 21)

ಆಗಸ್ಟಿನಲ್ಲಿ ಬನ್ನಿ, ಸರ್ಕಾರಿ ಕಾಡಲ್ಲಿ ಯಾರು ಬೇಕಾದರೂ ಕೀಳಬಹುದು. ಜಾಗ? ಮಾವ ನನಗೇ ಹನ್ನೊಂದು ವರ್ಷದಿಂದ ಹೇಳಿಲ್ಲ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿಕೊಂಡು ಬೇರೆ ದಾರಿಯಿಂದ ಬರ್ತಾರೆ. ನಿಮ್ಮೂರಲ್ಲಿ ಹೇಳ್ತೀರಾ?

ಮೈಸೂರುಮೇಷ್ಟ್ರು (ಜುಲೈ 2)

ಹೋಗಿ ಬಂದೆವು. ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಹೂವನ್ನು ಮೂರು ಸಲ ಎಣಿಸಿದೆ, ಏಳು. ಬಟಾಣಿ ಮುಟ್ಟಲಿಲ್ಲ. ಗುಲಾಬಿ ಸೂಪನ್ನು ನನ್ನಾಕೆ ಎರಡು ಬಟ್ಟಲು ಹಾಕಿಸಿಕೊಂಡಳು. ಓಕ್ ಎಲೆಯ ಕಿರೀಟ ನನ್ನ ಬೋಳುತಲೆಗೆ ಜಾರಿ ಕಿವಿಗೆ ಬರುತ್ತಿತ್ತು, ಯಾನಿಸ್ ಅವರು ಏನೂ ಹೇಳದೆ ಎದ್ದುಬಂದು ಹಿಂದೆ ಒಂದು ಗಂಟು ಬಿಗಿದರು. ಸಂಜೆಯೆಲ್ಲ ಅವರು ನನ್ನೊಡನೆ ಆಡಿದ ಮಾತು ಬಹುಶಃ ಆರು.

ರಾತ್ರಿ ಹನ್ನೊಂದರ ಮೇಲೆ ನೆರೆಯವರು ಹಾಡುತ್ತಾ ಬಂದರು. ದೂರದ ಊರಿನ ಅತಿಥಿಗಳು ಸುಮ್ಮನೆ ಕೂತಿದ್ದಾರೆ, ನಾಲಿಗೆ ವಿಮಾನದಲ್ಲೇ ಬಿಟ್ಟುಬಂದರೇ ಎಂದು ನಮ್ಮ ಮೇಲೂ ಒಂದು ಹಾಡು ಕಟ್ಟಿದರಂತೆ. ಸೊಸೆ ಅರ್ಥ ಹೇಳಿದ ಕೂಡಲೇ ನನ್ನಾಕೆ ಸೆರಗು ಸಿಕ್ಕಿಸಿ ಎದ್ದಳು. ಅವಳ ಅಜ್ಜಿ ಹೇಳುತ್ತಿದ್ದ ಬೀಗರ ಹಾಡು, ನಾನು ನಲವತ್ತು ವರ್ಷದಿಂದ ಕೇಳಿರಲಿಲ್ಲ. ಸಾಲಿನ ಕೊನೆಗೆ "ಸುವ್ವಿ" ಬರುವ ಜಾಗದಲ್ಲಿ ಅವರೆಲ್ಲ ತಾವಾಗಿಯೇ "ಲೀಗೊ" ಸೇರಿಸಿದರು. ತಾಳ ತಪ್ಪಲಿಲ್ಲ.

ಒಂದೂವರೆಗೆ ನಾನು ನಿದ್ದೆ ಹೋದೆ. ಇಲ್ಲಿ ಮೈಸೂರಿನಲ್ಲಿ ಈಗಲೂ ಮಧ್ಯಾಹ್ನ ತೂಕಡಿಸುತ್ತಿದ್ದೇನೆ.

ರೀಗಾಸೊಸೆ (ಜುಲೈ 2)

ಸರ್, ಮಾವ ನಿನ್ನೆ ಫೋನ್ ಮಾಡಿದ್ರು. ಫೋನ್ ಮಾಡೋದೇ ಅಪರೂಪ. "ಆ ಹಾಡಿನ ಅಮ್ಮ ಮತ್ತೆ ಯಾವಾಗ ಬರ್ತಾರೆ" ಅಂದು ಇಟ್ಟುಬಿಟ್ರು.